ಜಗ್ಗಾಕ ಉಸುರ ಇಲ್ಲೋ ತಮ್ಮಾ

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ನಮ್ಮ ಕಾಕಾ ಕೊನೆಗಾಲದಲ್ಲಿ ದಮ್ಮಿನಿಂದ ಬಳಲಿದರು. ಬೆಳಗಾವಿಯ ಒಂದು ದವಾಖಾನೆಯಲ್ಲಿ ಅವರಿಗೆ ಪುಡಿ ಸೇದುವ ಇನ್‌ಹೇಲರ್ ಬರೆದುಕೊಟ್ಟರು. ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ಸಾಧನ. ಕ್ಯಾಪ್ಸೂಲ್ ಇಟ್ಟು ತಿರುಗಿಸಿದರೆ ಒಡೆಯುತ್ತದೆ, ಬಾಯಿಗಿಟ್ಟು ಜೋರಾಗಿ ಉಸಿರೆಳೆದರೆ ಪುಡಿ ಒಳಗೆ ಹೋಗುತ್ತದೆ. ಮಳೆಗಾಲದ ಒಂದು ರಾತ್ರಿ ದಮ್ಮು ಏರಿದಾಗ ನಾನೇ ಅದನ್ನು ಅವರ ಬಾಯಿಗಿಟ್ಟು, "ಜೋರಾಗಿ ಜಗ್ರಿ ಕಾಕಾ" ಎಂದೆ. ಮೂರು ಸಲ ಹೇಳಿದೆ. ಮೂರನೆಯ ಸಲ ನನ್ನ ದನಿಯಲ್ಲಿ ಸಿಟ್ಟಿತ್ತು. ಅವರು ಸಾಧನ ಕೆಳಗಿಟ್ಟು, "ಜಗ್ಗಾಕ ಉಸುರ ಇಲ್ಲೋ ತಮ್ಮಾ, ಹ್ಯಾಂಗ ಜಗ್ಗಲಿ?" ಎಂದರು.

ಆ ಪ್ರಶ್ನೆಯನ್ನು ನಾನು ಬಹಳ ದಿನ ಮುದುಕರ ಹಟ ಎಂದೇ ಎಣಿಸಿದ್ದೆ. ಆಮೇಲೆ ಓದಿಕೊಂಡಾಗ ತಿಳಿಯಿತು, ಅದು ಈ ಔಷಧದ ಮೂಲಪ್ರಶ್ನೆಯೇ.

ಶ್ವಾಸಕೋಶದ ಆಳಕ್ಕೆ ಇಳಿಯಲು ಪುಡಿಯ ಕಣ ಸುಮಾರು 1ರಿಂದ 5 ಮೈಕ್ರಾನ್ ಇರಬೇಕು. ದೊಡ್ಡದಾದರೆ ಗಂಟಲಲ್ಲೇ ಕೂರುತ್ತದೆ, ತೀರ ಸಣ್ಣದಾದರೆ ಬಹುಪಾಲು ಉಸಿರಿನೊಂದಿಗೆ ಹೊರಬರುತ್ತದೆ. ಮಣ್ಣಿನ ಧೂಳಿನಲ್ಲಿ ಎದೆಗೆ ಅಪಾಯ ತರುವ ಕಣಗಳ ಗಾತ್ರವೂ ಹೆಚ್ಚುಕಡಿಮೆ ಇದೇ. ಕಾಕಾನ ಎದೆಗೆ ಧೂಳು ಇಳಿದ ದಾರಿಯಲ್ಲೇ ಮದ್ದೂ ಇಳಿಯಬೇಕಿತ್ತು. ಆದರೆ ಧೂಳು ಯಾರ ಶ್ರಮವನ್ನೂ ಕೇಳುವುದಿಲ್ಲ, ದಿನದಿನದ ಸಾದಾ ಉಸಿರಿನಲ್ಲೇ ಸೇರಿಕೊಳ್ಳುತ್ತದೆ. ಮದ್ದು ಮಾತ್ರ ಶ್ರಮ ಕೇಳುತ್ತದೆ. ಇಷ್ಟು ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಅವನ್ನು ಸಾಮಾನ್ಯವಾಗಿ ಲ್ಯಾಕ್ಟೋಸ್ ಸಕ್ಕರೆಯ ದಪ್ಪ ಹರಳುಗಳ ಮೇಲೆ ಕೂರಿಸಿರುತ್ತಾರೆ. ಹರಳಿನಿಂದ ಮದ್ದನ್ನು ಬಿಡಿಸುವುದು ರೋಗಿ ಎಳೆಯುವ ಗಾಳಿಯ ರಭಸ. ಎಳೆತ ಸಾಲದಿದ್ದರೆ ಮದ್ದು ಹರಳಿನ ಜೊತೆಗೇ ಬಾಯಿ, ಗಂಟಲಲ್ಲಿ ಉಳಿಯುತ್ತದೆ. ಖಾನಾಪುರದ ಮಳೆಗಾಲದ ತೇವಕ್ಕೆ ತೆರೆದಿಟ್ಟ ಪುಡಿ ಗಂಟುಕಟ್ಟಿದರೆ ಎಳೆತ ಇನ್ನಷ್ಟು ಬೇಕು.

ಅಂದರೆ, ಉಸಿರು ಇದ್ದವನಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಇಲ್ಲದವನಿಗೆ ಕಡಿಮೆ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕೈಕೊಡಬಹುದಾದ ಮದ್ದನ್ನು ಮಾಡುವುದು ನ್ಯಾಯವೇ?

ಅವಸರದಲ್ಲಿ ಅನ್ಯಾಯ ಎನ್ನಲಾಗದು. ಈ ಬಗೆಯ ಮೊದಲ ಹೆಸರಾಂತ ಸಾಧನ ಸ್ಪಿನ್‌ಹೇಲರ್. 1960ರ ದಶಕದಲ್ಲಿ ಅದನ್ನು ರೂಪಿಸಿದವರಲ್ಲಿ ಪ್ರಮುಖರು ಬ್ರಿಟನ್ನಿನ ವೈದ್ಯ ರೋಜರ್ ಆಲ್ಟೂನ್ಯನ್. ಅವರು ಸ್ವತಃ ಅಸ್ತಮಾ ರೋಗಿ. ತಮ್ಮ ಮೈಮೇಲೇ ದಮ್ಮು ಬರಿಸಿಕೊಂಡು ಮದ್ದು ಪರೀಕ್ಷಿಸಿದವರು. ಯುದ್ಧಕಾಲದಲ್ಲಿ ವಿಮಾನ ಹಾರಿಸಿದ್ದ ಅವರು ಸಾಧನದೊಳಗೆ ಪುಟ್ಟ ಪ್ರೊಪೆಲ್ಲರ್ ಇಟ್ಟರು. ಉಸಿರಾಡುವ ಕಷ್ಟ ಗೊತ್ತಿಲ್ಲದವರ ಕೆಲಸವಲ್ಲ ಅದು. ಗಾಳಿಯೊತ್ತಡದ ಪಂಪಿನಲ್ಲಿ ಒತ್ತುವುದೂ ಎಳೆಯುವುದೂ ಒಂದೇ ಕ್ಷಣಕ್ಕೆ ಆಗಬೇಕು, ಪುಡಿಯಲ್ಲಿ ಆ ತಾಪತ್ರಯವಿಲ್ಲ. ಪಂಪಿಗೆ ಬೇಕಾದ ಅನಿಲವೂ ಬೇಡ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಓಜೋನ್ ಪದರಕ್ಕೆ ಹಾನಿಮಾಡುವ ಆ ಹಳೆಯ ಅನಿಲಗಳನ್ನು ಬಿಡಬೇಕಾಗಿ ಬಂದಾಗ ಪುಡಿಗೆ ಇನ್ನಷ್ಟು ಬೆಲೆ ಬಂತು. ಎಲ್ಲರಿಗೂ ಒಗ್ಗದು ಎಂಬ ಕಾರಣಕ್ಕೆ ಹಲವರಿಗೆ ಒಗ್ಗುವ ಮದ್ದನ್ನು ತಡೆದರೆ ಅದೂ ಅನ್ಯಾಯವೇ.

ಹಾಗಾದರೆ ತಪ್ಪು ಎಲ್ಲಿ ಶುರುವಾಗುತ್ತದೆ? ಪ್ರಯೋಗಾಲಯದಲ್ಲಿ ಪುಡಿಯನ್ನು ಪರೀಕ್ಷಿಸುವಾಗ ಒಂದು ಪಂಪು ಮನುಷ್ಯನ ಬದಲು ಉಸಿರೆಳೆಯುತ್ತದೆ. ಔಷಧಕೋಶಗಳ ರೂಢಿಯ ವಿಧಾನದಲ್ಲಿ ಎಳೆತದ ಒತ್ತಡ 4 ಕಿಲೋಪಾಸ್ಕಲ್, ಗಾಳಿ 4 ಲೀಟರ್. ಒಂದು ಮದ್ದನ್ನು ಇನ್ನೊಂದರ ಜೊತೆ ತೂಗಿನೋಡಲು ಇಂಥ ಅಳತೆ ಬೇಕೇಬೇಕು. ಆದರೆ ಆ ಪಂಪಿಗೆ ವಯಸ್ಸಾಗುವುದಿಲ್ಲ, ದಮ್ಮು ಏರುವುದಿಲ್ಲ, ರಾತ್ರಿ ಗಾಬರಿಯಾಗುವುದಿಲ್ಲ. ಅಳತೆಗಾಗಿ ಊಹಿಸಿಕೊಂಡ ಆ ಉಸಿರನ್ನು ಎಲ್ಲರ ಉಸಿರು ಎಂದು ನಂಬಿದ ಕಡೆ ತಪ್ಪು ಶುರುವಾಗುತ್ತದೆ. ಆಮೇಲೆ ಮದ್ದು ನಾಟದಿದ್ದರೆ "ರೋಗಿ ಸರಿಯಾಗಿ ಬಳಸಲಿಲ್ಲ" ಎಂಬ ಮಾತು ತಯಾರಾಗಿರುತ್ತದೆ. ಮಾಡಲಾಗದ್ದನ್ನು ಮಾಡಲಿಲ್ಲ ಎಂದು ಒಬ್ಬನನ್ನು ದೂರುವುದು ನ್ಯಾಯವಲ್ಲ.

ಸೇದುವ ಇನ್ಸುಲಿನ್ ಪುಡಿ ಅಫ್ರೆಜಾ 2014ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಅದನ್ನು ಕೊಡುವ ಮೊದಲು ಶ್ವಾಸಕೋಶದ ಬಲ ಅಳೆಯಬೇಕೆಂಬ ನಿಯಮವಿದೆ. ಅಲ್ಲಿ ಕಾರಣ ಬೇರೆ, ಎದೆಯ ರೋಗವಿದ್ದವರಿಗೆ ಅದು ಅಪಾಯ. ಆದರೂ ಮೊದಲು ಉಸಿರು ಅಳೆ, ಆಮೇಲೆ ಪುಡಿ ಕೊಡು ಎಂಬ ಆ ಕ್ರಮ ಸರಿಯಾದದ್ದು. ಎದೆಯ ರೋಗಕ್ಕೇ ಪುಡಿ ಕೊಡುವಾಗ ನಮ್ಮ ಕಾಕಾನ ಎಳೆತವನ್ನು ಯಾರೂ ಅಳೆಯಲಿಲ್ಲ. ಸ್ಪೇಸರ್ ಹಚ್ಚಿದ ಪಂಪು, ನೆಬ್ಯುಲೈಸರ್ ಇವೆಯೆಂದು ಯಾರೂ ಹೇಳಲಿಲ್ಲ. ಅಳೆಯಲು ಕೆಲವು ನಿಮಿಷ ಸಾಕಾಗುತ್ತಿತ್ತು.

ಖಾನಾಪುರದಿಂದ ಬೆಳಗಾವಿ ಸುಮಾರು 25 ಕಿಲೋಮೀಟರ್. ಬೆಳಗಾವಿಯಲ್ಲಿ ಫಾರ್ಮಸಿ ಕಾಲೇಜುಗಳಿವೆ, 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆಎಲ್‌ಇ ಸಂಸ್ಥೆಯದೂ ಒಂದಿದೆ. ಅಂಥಲ್ಲಿ ಪುಡಿಯ ಮೇಲೆ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಪಂಪಿನ ಎಳೆತವನ್ನು ತೀರ ಕಡಿಮೆಗಿಳಿಸಿ ಕೂಡ ಒಮ್ಮೆ ನೋಡಿರಿ. ಆಗ ಬರುವ ಅಂಕಿ ಚಂದವಿರಲಿಕ್ಕಿಲ್ಲ, ಆದರೂ ಅದನ್ನು ಬರೆದಿಡಿರಿ. ಹಂಚಿನ ಕಾರ್ಖಾನೆಯ ಮುದುಕರ ಉಸಿರು ಅದಕ್ಕೇ ಹತ್ತಿರ.

ಇಷ್ಟೆಲ್ಲ ಹೇಳಿ ನನ್ನ ಪಾಲನ್ನು ಬಿಡಲಾರೆ. ಆ ರಾತ್ರಿ ಕಾಕಾ ಪ್ರಯತ್ನವನ್ನೇ ಮಾಡುತ್ತಿಲ್ಲ ಎಂದು ನಾನು ನಂಬಿದ್ದೆ. ಅವರು ಮಾಡುತ್ತಿದ್ದುದು ಪ್ರಯತ್ನವನ್ನೇ. ಅದಕ್ಕಿಂತ ಹೆಚ್ಚು ಅವರಲ್ಲಿ ಇರಲಿಲ್ಲ.