ಹಕ್ಕಿಗೆ ಚೆಲ್ಲಿದ ಕಾಳು

ಅಷ್ಟಮಿ, ಚತುರ್ದಶಿಗಳ ಉಪವಾಸದಂದು ಹಿತ್ತಲಿನಲ್ಲಿ ಹಕ್ಕಿಗಳಿಗೆ ಕಾಳು ಚೆಲ್ಲುವ ಶ್ರಾವಕರುಂಟು. ಗುಬ್ಬಿಗಳು ನೆರೆದೆಡೆಗೆ ಗಿಡುಗವೂ ಬರುತ್ತದೆ, ಒಂದನ್ನು ಒಯ್ಯುತ್ತದೆ. ಆಗ ಕಲ್ಲೆತ್ತುವವನೂ ಅದೇ ಉಪವಾಸಿಯೇ! ಒಂದು ಹಿಂಸ್ರಪ್ರಾಣಿಯನ್ನು ಕೊಂದರೆ ಹಲವು ಜೀವಗಳು ಉಳಿಯುವುವೆಂಬ ತರ್ಕವನ್ನು 10ನೆಯ ಶತಮಾನದ ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ನಿಷೇಧಿಸಿದ್ದಾರೆ. ಗಿಡುಗವೂ ಪಂಚೇಂದ್ರಿಯ ಜೀವವೇ. ಮಹಾವೀರಸ್ವಾಮಿಯ ಜೀವವು ಹಿಂದೊಂದು ಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶದಿಂದ ವ್ರತ ತಳೆಯಿತು, ಕಲ್ಲೇಟಿನಿಂದಲ್ಲ.

ಹಾಗಾದರೆ ಕಾಳು ಚೆಲ್ಲಿದವನು ನಿರ್ದೋಷಿಯೇ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲಿಟ್ಟಿದೆ. ಗಿಡುಗ ಬರುವ ವೇಳೆಯನ್ನರಿತೂ ಬಟ್ಟಬಯಲಿನಲ್ಲಿಯೇ ಕಾಳು ಚೆಲ್ಲುವುದು ಪ್ರಮಾದವಲ್ಲದೆ ಮತ್ತೇನು? ಪೊದೆಯ ಮಗ್ಗುಲಲ್ಲಿ, ಸ್ವಲ್ಪಸ್ವಲ್ಪವಾಗಿ, ವೇಳೆ ಬದಲಿಸಿ ಹಾಕಬೇಕು. ಪೊದೆಯೊಳಗೆ ಬೆಕ್ಕಿಲ್ಲವೆಂಬುದನ್ನೂ ಮೊದಲು ನೋಡಿಕೊಳ್ಳಬೇಕು.