ಅರಿಯದೆ ನುಂಗಿದ ಮದ್ದಿಗೆ ಹೊಣೆ ಯಾರು?

ಕಿನ್ನಾಳದ ಚಿತ್ರಗಾರರು ಹಗುರವಾದ ಮರದಿಂದ ಗೊಂಬೆಯ ತುಂಡುಗಳನ್ನು ಕೆತ್ತಿ, ಹುಣಿಸೇಬೀಜದ ಅಂಟಿನಿಂದ ಜೋಡಿಸಿ, ಮೇಲೆ ಬಣ್ಣ ಬಳಿಯುವದನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಕೊಳ್ಳುವವನಿಗೆ ಬಣ್ಣ ಕಾಣುವದೇ ಹೊರತು ಅಂಟು ಕಾಣುವದಿಲ್ಲ. ಮರುದಿನವೇ ಗೊಂಬೆಯ ಕೈ ಕಳಚಿ ಬಿದ್ದಲ್ಲಿ, "ಅಂಟು ಕಾಸಿದವನು ನನ್ನ ಆಳು, ನಾನಲ್ಲ" ಎಂದು ಮಾರಿದವನು ಹೇಳಿದರೆ ಯಾರು ಒಪ್ಪುವರು? ಓಟವನ್ನೇ ಜೀವನವೃತ್ತಿಯಾಗಿ ಮಾಡಿಕೊಂಡವರ ದೇಹದ ವಿಷಯದಲ್ಲಿಯೂ ಲೋಕದ ಕ್ರೀಡಾ ನಿಯಮವು ಹೀಗೆಯೇ ಇರುವದು. ನಿನ್ನ ದೇಹದೊಳಗೆ ಸಿಕ್ಕಿದ್ದಕ್ಕೆ ನೀನೇ ಹೊಣೆ.

ಈ ನಿಯಮವು ನಮ್ಮ ರಾಜ್ಯದ ಒಬ್ಬಾಕೆಯ ಮೇಲೆ ಎಷ್ಟು ಭಾರವಾಗಿ ಬಿತ್ತೆಂಬದನ್ನು ನೋಡಿರಿ. ಉಡುಪಿ ಜಿಲ್ಲೆಯ ಸಿದ್ದಾಪುರದ ಬಳಿಯ ಜನ್ಸಾಲೆಯ ಒಕ್ಕಲು ಮನೆತನದ ಅಶ್ವಿನಿ ಅಕ್ಕುಂಜಿಯವರು 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇ ಓಟದಲ್ಲಿ ಚಿನ್ನವನ್ನೂ, ಅದೇ ವರುಷ ಚೀನ ದೇಶದ ಏಷ್ಯನ್ ಕೂಟದಲ್ಲಿ ಎರಡು ಚಿನ್ನಗಳನ್ನೂ ಗೆದ್ದರು. ಮರುವರುಷ ಅವರ ಮೂತ್ರದ ಪರೀಕ್ಷೆಯಲ್ಲಿ ಸ್ನಾಯುಬಲವನ್ನು ಹೆಚ್ಚಿಸುವ ಸ್ಟೆರಾಯ್ಡ್ ಎಂಬ ನಿಷಿದ್ಧ ಮದ್ದು ಸಿಕ್ಕಿತು. ಜೊತೆಗಾರ್ತಿಯರಲ್ಲಿ ಕೆಲವರಿಗೂ ಹಾಗೆಯೇ ಆಯಿತು. ಯುಕ್ರೇನ್ ದೇಶದ ತರಬೇತುದಾರರಾದ ಯೂರಿ ಒಗೊರೊದ್ನಿಕ್ ಕೊಟ್ಟ ಜಿನ್ಸೆಂಗ್ ಬೇರಿನ ಔಷಧವನ್ನು ತಿಂದೆವು, ಅದರೊಳಗೆ ಬೇರೇನಿತ್ತೆಂದು ಅರಿಯೆವು ಎಂದು ಅವರು ಹೇಳಿಕೊಂಡರು. ಭಾರತದ ವಿಚಾರಣಾ ಮಂಡಲಿಯು 2011ರ ದಶಂಬರದಲ್ಲಿ ಈ ಮಾತಿಗೆ ಬೆಲೆಕೊಟ್ಟು ಒಂದು ವರುಷದ ನಿಷೇಧವನ್ನು ಮಾತ್ರ ವಿಧಿಸಿತು. 2012ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿಯು ಅದನ್ನು ಎರಡು ವರುಷಕ್ಕೆ ಏರಿಸಿತು. ಅವರು 2010ರಲ್ಲಿ ಗೆದ್ದ ಪದಕಗಳು ಅವರಲ್ಲಿಯೇ ಉಳಿದವು.

ಗರಡಿಯ ಪೈಲವಾನನು ತುಪ್ಪ ಬಾದಾಮಿಗಳನ್ನು ತಿಂದು ಬಲಿಯುವದು ಮೋಸವಲ್ಲವಾದರೆ ಇದು ಮಾತ್ರ ಯಾಕೆ ಮೋಸ, ಎಂದು ಒಬ್ಬನು ಕೇಳಾನು. ತುಪ್ಪವನ್ನು ಎದುರಾಳಿಯೂ ಬಹಿರಂಗವಾಗಿ ತಿನ್ನಬಹುದು. ಈ ಮದ್ದಾದರೋ ಯಕೃತ್ತಿಗೂ ಹೃದಯಕ್ಕೂ ಕೇಡು ಮಾಡುವದು, ಮತ್ತು ತಿನ್ನೆವೆಂದು ಎಲ್ಲರೂ ಒಡಂಬಟ್ಟ ಮೇಲೆ ತಿನ್ನುವದರಿಂದ ಮಾತಿಗೆ ನಿಂತವನ ಪಾಲು ಅಪಹಾರವಾಗುವದು. 2018ರಲ್ಲಿ ಜಕಾರ್ತದ ಏಷ್ಯನ್ ಕೂಟದ ಮಿಶ್ರ ರಿಲೇಯಲ್ಲಿ ಮಂಗಳೂರಿನ ಎಂ. ಆರ್. ಪೂವಮ್ಮನವರಿದ್ದ ಭಾರತದ ತಂಡವು ಬಹರೇನ್ ತಂಡದ ಹಿಂದೆ ಎರಡನೆಯದಾಗಿ ಬಂತು. ಬಹರೇನಿನ ಓಟಗಾರ್ತಿಯೊಬ್ಬಳು ಮದ್ದು ತಿಂದಿದ್ದಳೆಂದು ತಿಳಿದ ಮೇಲೆ, 2020ರಲ್ಲಿ ಚಿನ್ನವು ಭಾರತಕ್ಕೆ ಬಂತು. ಆದರೆ ಮೊದಲನೆಯವರಾಗಿ ನಿಂತು ತಮ್ಮ ದೇಶದ ಗೀತವನ್ನು ಕೇಳುವ ಆ ಸಾಯಂಕಾಲವನ್ನು ಯಾರು ತಿರುಗಿ ಕೊಟ್ಟಾರು? ವಿಚಿತ್ರವೇನಂದರೆ, 2021ರ ಫೆಬ್ರುವರಿಯಲ್ಲಿ ಅದೇ ಪೂವಮ್ಮನವರ ಪರೀಕ್ಷೆಯಲ್ಲಿಯೂ ನಿಷಿದ್ಧ ಪದಾರ್ಥವು ಕಂಡಿತು. ಮೊದಲು ಮೂರು ತಿಂಗಳ ನಿಷೇಧವಾಗಿ, 2022ರಲ್ಲಿ ಮೇಲ್ಮನವಿಯಿಂದ ಅದು ಎರಡು ವರುಷವಾಯಿತು.

ಆದಕಾರಣ ನಿಯಮವು ಕಠಿಣವಾಗಿರುವದು ನ್ಯಾಯವೆಂದೇ ನನ್ನ ಎಣಿಕೆ. "ಅರಿಯೆನು" ಎಂಬ ಮಾತಿನಿಂದಲೇ ಬಿಡುಗಡೆಯಾಗುವದಾದರೆ ಅರಿತು ತಿಂದವನೂ ಅದನ್ನೇ ನುಡಿಯುವನು. ಆದಾಗ್ಯೂ ಹೊಣೆ ಬೇರೆ, ಕಪಟ ಬೇರೆ. ನ್ಯಾಯಮಂಡಲಿಯು ಹೊಣೆಯನ್ನು ಅಳೆದು ವರುಷಗಳನ್ನು ಗೊತ್ತುಮಾಡಿತು. ಕಟ್ಟೆಯ ಮೇಲೆ ಕುಳಿತವರಾದರೋ ಒಂದೇ ಉಸಿರಿನಲ್ಲಿ ಕಳ್ಳಿಯೆಂದು ಕರೆದುಬಿಡುತ್ತಾರೆ. ಹಾಗೆ ಕರೆಯುವದಕ್ಕೆ ತೀರ್ಪಿನಲ್ಲಿ ನಮಗೆ ಅಪ್ಪಣೆ ಎಲ್ಲಿದೆ?

ಇದರಲ್ಲಿ ನಮ್ಮ ಪಾಲೂ ಉಂಟು. ಗುರುವು ಕೊಟ್ಟದ್ದನ್ನು ಎದುರುಮಾತಿಲ್ಲದೆ ತೆಗೆದುಕೊಳ್ಳಬೇಕೆಂದು ನಾವು ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸುತ್ತೇವೆ. ಯಲಬುರ್ಗಿಯಿಂದಾಗಲಿ ಕುಷ್ಟಗಿಯಿಂದಾಗಲಿ ಕ್ರೀಡಾ ವಸತಿನಿಲಯಕ್ಕೆ ಹೋದ ಹುಡುಗಿಯು, "ಇದರಲ್ಲಿ ಏನಿದೆ, ಸರ್?" ಎಂದು ಕೇಳಿದರೆ ಅದನ್ನು ಉದ್ಧಟತನವೆಂದು ಎಣಿಸುವವರೇ ಹೆಚ್ಚು. ಅಶ್ವಿನಿಯವರ ತರಬೇತುದಾರರು 2011ರ ಜುಲೈಯಲ್ಲಿ ಕೆಲಸದಿಂದ ತೆಗೆಯಲ್ಪಟ್ಟರು. 2012ರ ಆಗಸ್ಟಿನಲ್ಲಿ ಲಂಡನ್ನಿನ ಒಲಿಂಪಿಕ್ ಓಟಗಳು ನಡೆದಾಗ, ಅಶ್ವಿನಿಯವರ ನಿಷೇಧವು ಇನ್ನೂ ತೀರಿರಲಿಲ್ಲ.