ಪರೀಕ್ಷೆಗೆ ಮಾಡುವ ಸಹಾಯ

ಉಪಾಧ್ಯಾಯನು ಶಿಷ್ಯನಿಗೆ ಸಹಾಯ ಮಾಡತಕ್ಕುದೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ವಿವಾದವು ಹುಟ್ಟುವುದು ಪರೀಕ್ಷೆಯ ದಿನವು ಸಮೀಪಿಸಿದಾಗ. ಆಗ ಸಹಾಯವೆಂಬ ಒಂದೇ ಮಾತಿನೊಳಗೆ ಎಷ್ಟೋ ಬಗೆಯ ಕಾರ್ಯಗಳು ಬಂದು ಸೇರುತ್ತವೆ. ಮಗುವಿಗೆ ಭಾಗಾಕಾರವನ್ನು ತಿಳಿಯಹೇಳುವುದೂ ಸಹಾಯವೇ. ಪ್ರಶ್ನೆಪತ್ರಿಕೆಯ ರೂಪವನ್ನು ಪರಿಚಯ ಮಾಡಿಸುವುದೂ ಸಹಾಯವೇ. ಬರಬಹುದಾದ ಹತ್ತು ಪ್ರಶ್ನೆಗಳನ್ನು ಊಹಿಸಿ ಉತ್ತರಗಳನ್ನು ಬಾಯಿಪಾಠ ಮಾಡಿಸುವುದೂ, ಮೇಲ್ವಿಚಾರಣೆಗೆ ನಿಂತಾಗ ಮೆಲ್ಲನೆ ಬೆರಳು ತೋರಿಸುವುದೂ ಸಹಾಯವೆಂದೇ ಕರೆಯಲ್ಪಡುತ್ತವೆ. ಇವುಗಳಲ್ಲಿ ಧರ್ಮವು ಎಲ್ಲಿಯವರೆಗೆ, ಅಧರ್ಮವು ಎಲ್ಲಿಂದ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಕರ್ನಾಟಕದಲ್ಲಿ ಈ ಪ್ರಶ್ನೆಯು ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. 2023ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಐದನೆಯ ಮತ್ತು ಎಂಟನೆಯ ತರಗತಿಗಳ ಮಕ್ಕಳಿಗೆ ರಾಜ್ಯಕ್ಕೆಲ್ಲ ಸಮಾನವಾದ ಪ್ರಶ್ನೆಪತ್ರಿಕೆಯಿಂದ ಮೌಲ್ಯಾಂಕನವು ನಡೆಯಿತು. ಅದಕ್ಕೆ ಮೊದಲು ಹೈಕೋರ್ಟಿನ ಏಕಸದಸ್ಯ ಪೀಠವು ಅದನ್ನು ರದ್ದುಮಾಡಿತ್ತು. ವಿಭಾಗೀಯ ಪೀಠವು ಮತ್ತೆ ಅನುಮತಿಯಿತ್ತಿತು. 2024ರಲ್ಲಿ ಇದೇ ಪರೀಕ್ಷೆಯು ಆರಂಭವಾಗಿ, ನಡುವೆ ನಿಂತು, ಪುನಃ ನಡೆದು, ಕೊನೆಗೆ ಏಪ್ರಿಲ್ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತಡೆಗೆ ಸಿಲುಕಿತು. ನ್ಯಾಯಾಲಯಗಳ ವಾದವು ಕಾನೂನಿಗೆ ಸಂಬಂಧಪಟ್ಟದ್ದು; ಅದು ಇಲ್ಲಿ ಬೇಡ. ಗಮನಿಸತಕ್ಕ ಸಂಗತಿಯೊಂದುಂಟು. 2023ರ ಮೌಲ್ಯಾಂಕನದಲ್ಲಿ ಯಾವ ಮಗುವನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಸರ್ಕಾರವು ಮೊದಲೇ ಸಾರಿತ್ತು. ಹಾಗಿದ್ದ ಮೇಲೆ, ಹತ್ತು ವರ್ಷದ ಮಗುವಿನ ಹಾಳೆಯಲ್ಲಿ ಇಲ್ಲದ ಅಂಕವನ್ನು ಹುಟ್ಟಿಸುವ ಸಹಾಯವು ಯಾರಿಗೆ ಮಾಡಿದ ಸಹಾಯ? ಮಗುವು ಹೇಗೂ ಮುಂದಿನ ತರಗತಿಗೆ ಹೋಗುತ್ತದೆ. ಆ ಅಂಕದಿಂದ ಮಾನವುಳಿಯುವುದು ಶಾಲೆಗೆ, ಮತ್ತು ಮೇಷ್ಟರಿಗೆ.

ಇಲ್ಲಿ ಪೂರ್ವಪಕ್ಷವನ್ನು ಕೇಳಬೇಕು. “ಹಾಗಾದರೆ ಪರೀಕ್ಷೆಗೆಂದು ಏನನ್ನೂ ಕಲಿಸಬಾರದು, ವಿಷಯವನ್ನು ಚೆನ್ನಾಗಿ ಬೋಧಿಸಿದರೆ ಸಾಕು, ಪರೀಕ್ಷೆಯು ತಾನೇ ನಡೆದುಕೊಳ್ಳುತ್ತದೆ” ಎಂದು ಶುದ್ಧಾಂತಃಕರಣದ ಕೆಲವರು ಹೇಳುವುದುಂಟು. ಕೇಳಲು ಸೊಗಸಾದ ಮಾತು. ಆದರೆ ಬಡವರ ಮಕ್ಕಳ ವಿಷಯದಲ್ಲಿ ಅದು ಕ್ರೂರವಾದ ಮಾತು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ನಡೆಸಿದ ಪರಿಶೀಲನೆಯೊಂದು 2025ರಲ್ಲಿ ಪ್ರಕಟವಾಯಿತು. ತೂಕ, ಬೆಲೆ, ಚಿಲ್ಲರೆಗಳ ತೊಡಕಿನ ಲೆಕ್ಕವನ್ನು ಆ ಮಕ್ಕಳು ಮನಸ್ಸಿನಲ್ಲಿಯೇ ಮಾಡಿ ಮುಗಿಸುತ್ತಿದ್ದರು. ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಬರೆದುಕೊಟ್ಟ, ಅದಕ್ಕಿಂತ ಕಠಿಣವಲ್ಲದ ಲೆಕ್ಕದ ಮುಂದೆ ಅವರಲ್ಲಿ ಬಹುಮಂದಿ ತಡವರಿಸಿದರು. ಅಂತಹ ಮಗುವಿಗೆ ಪ್ರಶ್ನೆಯನ್ನು ಎರಡು ಸಲ ಓದುವುದನ್ನು, ಹೊಂದಿಸಿ ಬರೆಯುವ ಬಗೆಯನ್ನು, ತಿಳಿಯದ ಪ್ರಶ್ನೆಯನ್ನು ಬಿಟ್ಟು ಮುಂದಿನದಕ್ಕೆ ಹೋಗುವುದನ್ನು ಕಲಿಸದೆ ಇರುವುದು ಯಾವ ಪುಣ್ಯ? ಒಳಗಿರುವ ತಿಳಿವಳಿಕೆಯು ಹೊರಗೆ ಕಾಣುವಂತೆ ಮಾಡುವ ಸಹಾಯವು ನ್ಯಾಯವೇ ಹೊರತು ದಾಕ್ಷಿಣ್ಯವಲ್ಲ. ಅನುಕೂಲಸ್ಥರ ಮಕ್ಕಳಿಗೆ ಇದು ಮನೆಯಲ್ಲಿಯೇ ದೊರೆಯುತ್ತದೆ.

ಆದಕಾರಣ ಸೀಮೆಯನ್ನು ಬೇರೆಡೆಯಲ್ಲಿ ಹುಡುಕಬೇಕು. ಸಹಾಯವು ಮುಗಿದ ಮೇಲೆ ಆ ಉತ್ತರವು ಮಗುವನ್ನು ಕುರಿತು ಸತ್ಯವನ್ನು ನುಡಿಯುತ್ತದೆಯೇ? ನುಡಿಯುವುದಾದರೆ ಸಹಾಯವು ಎಷ್ಟಾದರೂ ಇರಲಿ. ನುಡಿಯದಿದ್ದರೆ ಅದು ಎಷ್ಟು ಅಲ್ಪವಾದರೂ ಸುಳ್ಳೇ. ಬೆರಳು ತೋರಿಸುವುದು ಸುಳ್ಳೆಂಬುದನ್ನು ತೋರಿಸುವವನೂ ಬಲ್ಲ. ಬಾಯಿಪಾಠದ ವಿಷಯವು ಅಷ್ಟು ಸ್ಪಷ್ಟವಲ್ಲ. ಪಾಠಶಾಲೆಗಳ ಪರಂಪರೆಯಲ್ಲಿ ಕಂಠಪಾಠಕ್ಕೆ ಗೌರವವಿದೆ. ಅದನ್ನು ಹಳಿಯುವ ಹೊಸಬರ ಉತ್ಸಾಹವನ್ನು ಇಲ್ಲಿ ಅನುಸರಿಸಬೇಕಾಗಿಲ್ಲ. ಆದರೆ ಅದೇ ಪರಂಪರೆಯಲ್ಲಿ, ಮಿಥಿಲೆಯ ಪಂಡಿತರಲ್ಲಿ, ಶಲಾಕಾಪರೀಕ್ಷೆಯೆಂಬುದೂ ಇತ್ತು. ಗ್ರಂಥದ ಓಲೆಗಳ ಕಟ್ಟಿಗೆ ಶಲಾಕೆಯನ್ನು ಚುಚ್ಚಿ, ಅದರ ತುದಿಯು ಮುಟ್ಟಿದ ಓಲೆಯ ವಿಷಯವನ್ನು ವಿದ್ಯಾರ್ಥಿಯು ವಿವರಿಸಬೇಕಾಗಿತ್ತು. ಶಲಾಕೆಯು ಯಾವ ಓಲೆಯಲ್ಲಿ ನಿಲ್ಲುವುದೆಂದು ಗುರುವೂ ಅರಿಯನು. ಅಲ್ಲಿ ಊಹೆಯ ಹತ್ತು ಪ್ರಶ್ನೆಗಳಿಗೆ ಅವಕಾಶವೆಲ್ಲಿ?

ಅಂಕಕ್ಕೆ ಹಣವು ಗಂಟುಬಿದ್ದಾಗ ಈ ವಿವೇಕವು ಹೇಗೆ ಕೆಡುತ್ತದೆಂಬುದಕ್ಕೆ ಇಂಗ್ಲೆಂಡು ಹಳೆಯ ಸಾಕ್ಷಿ. 1862ರ ಪರಿಷ್ಕೃತ ನಿಯಮಾವಳಿಯಂತೆ ಅಲ್ಲಿ ಇನ್‌ಸ್ಪೆಕ್ಟರು ಪ್ರತಿಯೊಂದು ಮಗುವನ್ನೂ ಓದು, ಬರೆಹ, ಲೆಕ್ಕಗಳಲ್ಲಿ ಪರೀಕ್ಷಿಸುತ್ತಿದ್ದರು. ತಪ್ಪಿದ ಒಂದೊಂದು ವಿಷಯಕ್ಕೂ ಶಾಲೆಯ ಸಹಾಯಧನದಲ್ಲಿ ಕಡಿತವಾಗುತ್ತಿತ್ತು. ಕವಿಯೂ ಶಾಲಾ ಇನ್‌ಸ್ಪೆಕ್ಟರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡರು, ಓದುಬರೆಹ ನಿಜವಾಗಿ ಬಾರದ ಮಕ್ಕಳನ್ನೂ ಜಾಣತನದ ಸಿದ್ಧತೆಯಿಂದ ತೇರ್ಗಡೆ ಮಾಡಿಸಲಾಗುತ್ತಿದೆಯೆಂದು ತಮ್ಮ ವರದಿಯಲ್ಲಿ ದೂರಿದರು. ಫಲಾನುಸಾರ ಧನದ ಈ ಕ್ರಮವು ಮದರಾಸು ಪ್ರಾಂತಕ್ಕೂ ಬಂದಿತು. ಮಂಗಳೂರು, ಬಳ್ಳಾರಿಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು.

ಅದಕ್ಕಿಂತ ದಾರುಣವಾದದ್ದು ಅಮೆರಿಕೆಯ ಅಟ್ಲಾಂಟಾ ನಗರದ ಕಥೆ. 2002ರಲ್ಲಿ ಆ ದೇಶದಲ್ಲಿ ಜಾರಿಗೆ ಬಂದ ಕಾಯಿದೆಯೊಂದು ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷವೂ ಓದು ಮತ್ತು ಲೆಕ್ಕದ ಪರೀಕ್ಷೆಯನ್ನು ವಿಧಿಸಿತು. ಶಾಲೆಗಳು ಗುರಿಯನ್ನು ಮುಟ್ಟಲೇಬೇಕೆಂಬ ಒತ್ತಡ ಬೆಳೆಯಿತು. ಅಟ್ಲಾಂಟಾದಲ್ಲಿ ಪರೀಕ್ಷೆ ಮುಗಿದ ಮೇಲೆ ಉಪಾಧ್ಯಾಯರೇ ಮಕ್ಕಳ ತಪ್ಪುತ್ತರಗಳನ್ನು ಅಳಿಸಿ ಸರಿಯುತ್ತರಗಳನ್ನು ಗುರುತಿಸಿದರು. 2011ರ ತನಿಖೆಯು 44 ಶಾಲೆಗಳಲ್ಲಿ ಇಂತಹ ಅಕ್ರಮವನ್ನು ಕಂಡು 178 ಮಂದಿ ಉಪಾಧ್ಯಾಯರನ್ನೂ ಮುಖ್ಯೋಪಾಧ್ಯಾಯರನ್ನೂ ಹೆಸರಿಸಿತು; 2015ರಲ್ಲಿ 11 ಮಂದಿ ಅಪರಾಧಿಗಳೆಂದು ತೀರ್ಮಾನವಾಯಿತು. ಅವರೆಲ್ಲರೂ ದುಷ್ಟರಾಗಿದ್ದರೆಂದು ನಂಬುವುದು ಕಷ್ಟ. ಮಕ್ಕಳ ಮೇಲಣ ಮರುಕವೂ ಅವರಲ್ಲಿ ಕೆಲವರ ಕೈಯನ್ನು ನಡೆಸಿರಬಹುದು. ಆದರೆ ಅದೇ ಕಾಯಿದೆಯಲ್ಲಿ, ಗುರಿಯನ್ನು ಮತ್ತೆ ಮತ್ತೆ ಮುಟ್ಟದ ಶಾಲೆಗಳ ಬಡ ಮಕ್ಕಳಿಗೆ ಹೆಚ್ಚಿನ ಪಾಠವನ್ನು ಉಚಿತವಾಗಿ ಕೊಡಿಸುವ ಏರ್ಪಾಟೂ ಇತ್ತು. ಅಳಿಸಿದ ರಬ್ಬರು ತಪ್ಪನ್ನು ಮಾತ್ರ ಅಳಿಸಲಿಲ್ಲ. ಓದಲು ಬಾರದ ಮಗುವಿಗೆ ಸಲ್ಲಬೇಕಾಗಿದ್ದ ಆ ಪಾಠದ ಹಕ್ಕನ್ನೂ ಅಳಿಸಿತು. ಕರುಣೆಯಿಂದ ಮಾಡಿದರೂ ಅದು ಅಪಹಾರವೇ.

“ಕಡಿಮೆ ಅಂಕ ಬಂದರೆ ಮೇಲಧಿಕಾರಿಯಿಂದ ಮಾತು ಕೇಳಬೇಕಾದವನು ಉಪಾಧ್ಯಾಯನು, ಅವನ ಸಂಕಟವನ್ನು ಬಲ್ಲವರಾರು?” ಎಂಬ ಆಕ್ಷೇಪದಲ್ಲಿ ತಿರುಳಿದೆ. ಮಗುವಿನ ಅಂಕವನ್ನು ಉಪಾಧ್ಯಾಯನ ಮಾನಾಪಮಾನಕ್ಕೆ ಅಳತೆಗೋಲಾಗಿ ಮಾಡಿದವರು ಪಾಪದಲ್ಲಿ ದೊಡ್ಡ ಪಾಲನ್ನು ಹೊರಬೇಕು. ಜ್ವರವೆಷ್ಟೆಂದು ತೋರಿಸಿದ್ದಕ್ಕೆ ವೈದ್ಯನನ್ನು ದಂಡಿಸಿದರೆ ಯಾವ ವೈದ್ಯನು ಜ್ವರವನ್ನು ನಿಜವಾಗಿ ಬರೆದಾನು? ಆದರೂ ಅಧಿಕಾರಿಯ ದೋಷವು ಉಪಾಧ್ಯಾಯನ ಪಾಲನ್ನು ತಗ್ಗಿಸುವುದೇ ಹೊರತು ಇಲ್ಲವಾಗಿಸುವುದಿಲ್ಲ.

ಕನ್ನಡನಾಡಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೆಯದೇ ಕೊನೆಯ ತರಗತಿ. ಬೇಸಗೆಯ ರಜೆ ಕಳೆದೊಡನೆ ಮಗುವು ಬೇರೊಂದು ಶಾಲೆಗೆ, ಕೆಲವು ಕಡೆ ಬೇರೊಂದು ಊರಿಗೇ, ನಡೆಯಬೇಕು. ಅಲ್ಲಿನ ಉಪಾಧ್ಯಾಯನಿಗೆ ಆ ಮಗುವಿನ ಮುಖಪರಿಚಯವೂ ಇಲ್ಲ. ಅದಕ್ಕೆ ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದು ಬಾರದು, ಒತ್ತಕ್ಷರಗಳಲ್ಲಿ ಎಡವುತ್ತದೆ ಎಂಬುದನ್ನು ಬಲ್ಲವನು ಹಿಂದಿನ ಶಾಲೆಯ ಮೇಷ್ಟರೊಬ್ಬನೇ. ಅವನು ಅದನ್ನು ಹೊಸಬನಿಗೆ ತಿಳಿಸಬಹುದಾದದ್ದು ಆ ಒಂದು ಹಾಳೆಯ ಮೂಲಕ.